ಕತ್ತು ತಿರುಗಿಸುವ ಲೈಟು

ಕರೆಂಟು ಹೋಗಬಹುದಿತ್ತು. ಹೋದ ಕರೆಂಟು ಸಿಟ್ಟು ಮಾಡಿಕೊಂಡವರ ಹಾಗೆ ದುಪ್ಪಟ್ಟು ಜೋರಾಗಿ ವಾಪಸು ಬಂದು ಇದ್ದದ್ದನ್ನೆಲ್ಲ ಸುಟ್ಟುಹಾಕಬಹುದಿತ್ತು. ಲೈಟು ಸ್ಟ್ಯಾಂಡಿನಿಂದ ಜಾರಿ ಮದುಮಗನ ತಲೆಯ ಮೇಲೆ ಬೀಳಬಹುದಿತ್ತು. ಮದುಮಗನಿಗೆ ತಪ್ಪಿದರೆ ಅವನ ಅಪ್ಪನ ಮೇಲೆ, ಅದು ಇನ್ನೂ ಕಷ್ಟ. ಬೆಳಕಿಗೆ ಮುತ್ತಿದ ಹುಳಗಳು ಪಾಯಸದ ಪಾತ್ರೆಗೆ ಇಳಿಯಬಹುದಿತ್ತು. ಮಂಟಪದ ಕಬ್ಬಿಣದ ಕಂಬಕ್ಕೆ ಶಾಕ್ ಹರಿದು, ಅದಕ್ಕೆ ಒರಗಿ ಕೂತ ಹಿರಿಯರು ಸಾಲಾಗಿ ಎದ್ದು ನಿಲ್ಲಬಹುದಿತ್ತು. ಕಡಲ ಗಾಳಿಯ ಉಪ್ಪು ಮೋಟಾರಿನೊಳಗೆ ಹೊಕ್ಕು ಲೈಟು ಕತ್ತು ಉಳುಕಿದವರಂತೆ ಒಂದೇ ಕಡೆ ನೋಡುತ್ತ ನಿಲ್ಲಬಹುದಿತ್ತು. ನನಗೇ ಎದೆ ಹಿಡಿದು, ಹಾಡು ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು, ಜನ ಅದೂ ಕಾರ್ಯಕ್ರಮದ ಭಾಗವೆಂದು ಕುಣಿಯುತ್ತಲೇ ಇರಬಹುದಿತ್ತು.

ಇಷ್ಟನ್ನೂ ನಾನು ಮೊದಲೇ ಯೋಚಿಸಿ ಇಟ್ಟಿದ್ದೆ. ಆದದ್ದು ಇದ್ಯಾವುದೂ ಅಲ್ಲ.

ನನ್ನ ಕೆಲಸ ಕದ್ರಾದಲ್ಲಿ, ಅಣೆಕಟ್ಟಿನ ಬುಡದಲ್ಲಿ ಕರೆಂಟು ಹುಟ್ಟುವ ಜಾಗದ ಸ್ಟೋರಿನಲ್ಲಿ. ಕರೆಂಟಿನ ತೌರುಮನೆಯಲ್ಲೇ ಸಂಬಳ ತಿನ್ನುವ ಮನುಷ್ಯ, ಕಾರವಾರದ ಮನೆಯಲ್ಲಿ ಸ್ವಿಚ್ ಹಾಕುವ ಮುಂಚೆ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ಬಗ್ಗಿ ನೋಡುತ್ತೇನೆ. ಇಂಥವನು ಭಾನುವಾರಗಳಲ್ಲಿ ಡಿಜೆ. ನಲವತ್ತು ದಾಟಿದ ಮೇಲೆ, ಬಿಪಿ ಮಾತ್ರೆ ಶುರುವಾದ ಮೇಲೆ ಹಿಡಿದ ಹುಚ್ಚು ಅದು. ಎರಡು ದೊಡ್ಡ ಸ್ಪೀಕರು, ಒಂದು ಮಿಕ್ಸರು, ಬಣ್ಣದ ಹಾಳೆ ಕಟ್ಟಿದ ನಾಲ್ಕು ಡಬ್ಬಿ ಲೈಟು. ನಾಮಕರಣ, ನಿವೃತ್ತಿ ಸಮಾರಂಭ, ಕ್ರಿಕೆಟ್ ಟೀಮಿನ ಬಹುಮಾನ ವಿತರಣೆ. ಇಂಥ ಕಡೆ ಯಾರೂ ಲೈಟಿನ ಬಗ್ಗೆ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ ಬಂದದ್ದು ಅಂಕೋಲೆಯ ಶೆಟಗೇರಿಯಲ್ಲಿ, ಅಕ್ಕನ ಮನೆಯಲ್ಲಿ, ಅವಳ ಮಗಳ ಮದುವೆ ಮಾತುಕತೆಯ ದಿನ. ವರನ ದೊಡ್ಡಮ್ಮ ಚಹಾದ ಬಶಿ ಕೆಳಗಿಟ್ಟು ಕೇಳಿದರು.

"ಆರತಕ್ಷತೆಗೆ ಡಿಜೆ ಉಂಟಲ್ಲ? ಕತ್ತು ತಿರುಗಿಸೂ ಲೈಟಿಂದು? ಗೋವಾ ಕಡೆ ಈಗ ಎಲ್ಲಾ ಅದೇ."

"ಉಂಟುಂಟು," ಎಂದಳು ಅಕ್ಕ, ರೆಪ್ಪೆ ಕೂಡ ಬಡಿಯದೆ. "ನನ್ನ ತಮ್ಮನೇ ಮಾಡ್ತಾನೆ."

ತಮ್ಮ ಅಲ್ಲೇ ಅವಲಕ್ಕಿ ತಿನ್ನುತ್ತಿದ್ದ. ಗಂಟಲಲ್ಲಿ ಸಿಕ್ಕಿತು. ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ ಅಕ್ಕನನ್ನು ಹಿಡಿದೆ.

"ಅಕ್ಕಾ, ನನ್ನ ಹತ್ರ ಇರೂದು ಇಟ್ಟಲ್ಲೇ ಇರೂ ಲೈಟು. ಅದಕ್ಕೆ ಕತ್ತೇ ಇಲ್ಲ."

"ಕತ್ತಿರೂದು ತಕೊ."

"ಅದನ್ನ ನಡೆಸೂದು ನಂಗೆ ಬರ್ಬೇಕಲ್ಲ ಮಾರಾಯ್ತಿ. ಗೋವಾದವರನ್ನೇ ಕರೆಸಿಬಿಡು."

ಅಕ್ಕ ಒಗ್ಗರಣೆ ಸೌಟನ್ನು ನನ್ನತ್ತ ತಿರುಗಿಸಿದಳು. "ತಮಾ, ಆ ಹೆಂಗಸಿನ ಮುಂದೆ ನಾನು ಮೊದಲನೇ ಸಲ ಬಾಯಿ ಬಿಟ್ಟು ಹೇಳಿದ ಮಾತು ಇದು. ನನ್ನ ಮಗಳು ನಾಳೆ ಅವರ ಮನೇಲಿ ಬಾಳ್ಬೇಕು. ಮೊದಲ ಮಾತೇ ಸುಳ್ಳಾದ್ರೆ, ಆಮೇಲೆ ಅವಳ ಯಾವ ಮಾತಿಗೆ ಅಲ್ಲಿ ಬೆಲೆ?"

ಹೀಗೆ ಒಂದು ಹುಡುಗಿಯ ಅತ್ತೆಮನೆಯ ಮಾನ ನಾನು ಇನ್ನೂ ಕೊಳ್ಳದ ಲೈಟಿನ ಕತ್ತಿಗೆ ನೇತುಬಿತ್ತು.

ಲೈಟು ಕೊಳ್ಳಲು ಗೋವಾದ ಮಡಗಾಂವಿಗೆ ರೈಲಿನಲ್ಲಿ ಹೋದೆವು, ನಾನು ಮತ್ತು ಹೆಂಡತಿ. ನಾನೊಬ್ಬನೇ ಹೋದರೆ ಅಂಗಡಿಯ ಬಾಗಿಲವರೆಗೆ ಹೋಗಿ ಯೋಚನೆ ಮಾಡಿ ವಾಪಸು ಬರುತ್ತೇನೆ ಎಂಬುದು ಅವಳ ಅನುಭವ. ಅಂಗಡಿಯವನು ಮೊದಲು ತೋರಿಸಿದ್ದು ಒಂದು ದೈತ್ಯ. ದೊಡ್ಡ ದೊಡ್ಡ ಸ್ಟೇಜುಗಳಲ್ಲಿ ಆಕಾಶಕ್ಕೆ ಬೆಳಕಿನ ಕೋಲು ಚುಚ್ಚುತ್ತದಲ್ಲ, ಅದು. ಎತ್ತಲು ಹೋದೆ, ಅದು ಕದಲಲಿಲ್ಲ, ನನ್ನ ಸೊಂಟ ಕದಲಿತು.

"ನಡುವೆ ಕರೆಂಟು ಹೋಗಿ ಬಂದ್ರೆ?" ಎಂದು ಕೇಳಿದೆ.

"ಬಲ್ಬು ಬಿಸಿ ಇರ್ತದೆ. ತಣ್ಣಗಾಗೂವರೆಗೆ ಹತ್ತೂದಿಲ್ಲ, ಸ್ವಲ್ಪ ಕಾಯ್ಬೇಕು."

ಅಂಕೋಲೆಯ ಕರೆಂಟು ಗೊತ್ತಿದ್ದವನಿಗೆ ಅಷ್ಟೇ ಸಾಕು. ವರನ ದೊಡ್ಡಮ್ಮ ಕತ್ತಲಲ್ಲಿ ಕೂತು ಬಲ್ಬು ತಣ್ಣಗಾಗುವುದನ್ನು ಕಾಯುವ ಚಿತ್ರ ಕಣ್ಣ ಮುಂದೆ ಬಂತು. ಮುಂದಿನದು ಕನ್ನಡಿಯದು: ಡಬ್ಬಿ ನಿಂತೇ ಇರುತ್ತದೆ, ಮುಂದಿನ ಪುಟ್ಟ ಕನ್ನಡಿ ಅಲುಗಾಡಿ ಬೆಳಕನ್ನು ಅತ್ತಿತ್ತ ಎಸೆಯುತ್ತದೆ. ಅಗ್ಗವೂ ಹೌದು, ಹಗುರವೂ ಹೌದು. ಆದರೆ ಕತ್ತಿಲ್ಲ. ದೊಡ್ಡಮ್ಮ ಕೇಳಿದ್ದು ಕತ್ತು.

ಮೂರನೆಯದು ಆಗಷ್ಟೇ ಬರತೊಡಗಿದ್ದ ಎಲ್‌ಇಡಿಯದು. ದೊಡ್ಡ ತೆಂಗಿನಕಾಯಿಯಷ್ಟು ತಲೆ, ಎರಡು ತೋಳಿನ ನಡುವೆ. ಒಂದೇ ಕೈಯಲ್ಲಿ ಎತ್ತಿದೆ. ಅಂಗಡಿಯವನು ಸ್ವಿಚ್ ಹಾಕಿದ್ದೇ ತಡ, ಅದು ತಲೆಯನ್ನು ಸುತ್ತ ಗಿರ್ರನೆ ತಿರುಗಿಸಿ, ಮೇಲೆತ್ತಿ, ಕೆಳಗಿಳಿಸಿ, ಮತ್ತೆ ಈ ಕಡೆಯಿಂದ ಆ ಕಡೆಗೆ ಬೀಸಿತು. ನಾನು ಹಾರಿ ಹೆಂಡತಿಯ ಹಿಂದೆ ನಿಂತೆ.

"ಹೆದರ್ಬೇಡಿ. ಪ್ರತಿ ಸಲ ಎದ್ದಾಗ ಹೀಗೇ. ತಾನು ಎಲ್ಲಿದ್ದೇನೆ ಅಂತ ಒಂದು ಸುತ್ತು ನೋಡ್ಕೊಳ್ತದೆ," ಎಂದ ಅಂಗಡಿಯವನು.

"ನಮ್ಮನೇಲೂ ಒಬ್ರು ಹೀಗೇ ಏಳೂದು," ಎಂದಳು ಹೆಂಡತಿ.

ನಾನು ಪ್ರಶ್ನೆ ಶುರುಮಾಡಿದೆ. ಈ ವಿಷಯದಲ್ಲಿ ನನ್ನ ಬಗ್ಗೆ ನನಗೆ ಗೌರವವಿದೆ. ಧೈರ್ಯವಂತರು ಬೆಳಕಿನ ಬಣ್ಣ ನೋಡಿ ಲೈಟು ಕೊಳ್ಳುತ್ತಾರೆ. ಅಂಜುವವನು ಅದರ ಹಿಂದೆ ಹೋಗಿ ಫ್ಯಾನಿನ ಜಾಲರಿ ಬಿಚ್ಚಲು ಬರುತ್ತದೆಯೇ ಎಂದು ನೋಡುತ್ತಾನೆ. ಕರೆಂಟು ಹೋಗಿ ಬಂದರೆ? ತಕ್ಷಣ ಹತ್ತುತ್ತದೆ. ಕಂಟ್ರೋಲ್ ಪೆಟ್ಟಿಗೆ ಇಲ್ಲದೆ ನಡೆಯುತ್ತದೆಯೇ? ನಡೆಯುತ್ತದೆ, ಒಳಗೆ ಮೈಕು ಇದೆ, ಹಾಡು ಕೇಳಿಸಿಕೊಂಡು ತಾನೇ ಕುಣಿಯುತ್ತದೆ. ಎರಡಿದ್ದರೆ ಜಗಳವಾಡುವುದಿಲ್ಲವೇ? ಇಲ್ಲ, ನಡುವೆ ಒಂದು ತಂತಿ ಹಾಕಿ ಒಂದನ್ನು ಯಜಮಾನ ಮಾಡಿದರೆ ಇನ್ನೊಂದು ಅದು ಮಾಡಿದ್ದನ್ನೇ ಮಾಡುತ್ತದೆ. ಯಜಮಾನ ಕೆಟ್ಟರೆ? ಇನ್ನೊಂದನ್ನು ಯಜಮಾನ ಮಾಡಬಹುದು. ಹೆಂಡತಿ ಇದನ್ನು ಗಮನವಿಟ್ಟು ಕೇಳಿದಳು. ಜಾರಿದರೂ ಬೀಳದಂತೆ ಕಟ್ಟುವ ಉಕ್ಕಿನ ಹಗ್ಗಕ್ಕೆ ತೂತು ಉಂಟೇ? ಉಂಟು. ನಾನು ಕೆಮ್ಮಿದೆ, ಲೈಟು ಕೆಂಪಿನಿಂದ ನೀಲಿಗೆ ಹೋಗಿ ನನ್ನತ್ತ ತಿರುಗಿತು.

"ನಿಮ್ದು ಇನ್ನೂ ಪ್ರಶ್ನೆ ಉಂಟಾ?" ಎಂದ ಅಂಗಡಿಯವನು, ಶಟರಿನತ್ತ ನೋಡುತ್ತ.

ಅದರ ಕುಂದು ಒಂದೇ, ಬೆಳಕು ದೈತ್ಯನಷ್ಟು ಜೋರಲ್ಲ. ಆದರೆ ಅಕ್ಕನ ಅಂಗಳದ ಮಂಟಪವೇನು ಮೈದಾನವೇ? ಬಿಳಿ ಬಟ್ಟೆಯ ಚಪ್ಪರ ಹೊದಿಸಿದರೆ ಸಣ್ಣ ಬೆಳಕೂ ದೊಡ್ಡದಾಗುತ್ತದೆ. ಎರಡು ತೆಗೆದುಕೊಂಡೆ. ಮೊದಲ ಸಲ ಕೈ ಹಾಕುವವನು ಕೊಳ್ಳಬೇಕಾದದ್ದು ಇಂಥದ್ದನ್ನೇ: ಒಬ್ಬನೇ ಎತ್ತಬೇಕು, ಕರೆಂಟಿನ ಜೊತೆ ಹಟ ಮಾಡಬಾರದು, ಯಜಮಾನ ಪೆದ್ದನಾದರೂ ತಾನೇ ಹೆಜ್ಜೆ ಹಾಕಬೇಕು. ಇಂದಿಗೂ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ, ಧ್ವನಿ ನಡುಗದೆ.

ಮದುವೆಯ ದಿನ ಕಾರವಾರದಿಂದ ಶೆಟಗೇರಿಗೆ ಟೆಂಪೋದಲ್ಲಿ ಒಂದು ಲೈಟು ನನ್ನ ತೊಡೆಯ ಮೇಲೆ, ಒಂದು ಹೆಂಡತಿಯ ತೊಡೆಯ ಮೇಲೆ, ಎರಡಕ್ಕೂ ಕೌದಿ ಹೊದಿಸಿ. "ನಮ್ಮ ಮಗಳನ್ನ ಆಸ್ಪತ್ರೆಯಿಂದ ತರುವಾಗ ಇಷ್ಟು ಹುಷಾರು ಮಾಡಿದ್ರಾ?" ಎಂದಳು. ಆಗಲೂ ಮಾಡಿದ್ದೆ, ಅವಳಿಗೆ ನೆನಪಿಲ್ಲ.

ಮಂಟಪದ ಎರಡೂ ಬದಿ ಸ್ಟ್ಯಾಂಡು ನಿಲ್ಲಿಸಿ, ಕಾಲಿಗೆ ಮರಳು ತುಂಬಿದ ಸಿಮೆಂಟು ಚೀಲ ಹೇರಿದೆ. ಉಕ್ಕಿನ ಹಗ್ಗ ಹಾಕಿದೆ. ಕಬ್ಬಿಣದ ಕಂಬಗಳನ್ನೆಲ್ಲ ಟೆಸ್ಟರಿನಿಂದ ಮುಟ್ಟುತ್ತ ಹೋದೆ. ಕಂಬಕ್ಕೆ ಒರಗಿದ್ದ ಭಾವನನ್ನೂ ಮುಟ್ಟಿದೆ. "ನನ್ನಲ್ಲಿ ಕರೆಂಟಿಲ್ಲ ಮಾರಾಯ, ನಿನ್ನಕ್ಕನನ್ನು ಕೇಳು," ಎಂದ. ಹುಳಗಳಿಗಾಗಿ ಪಾಯಸವನ್ನು ಮನೆಯ ಹಿಂದಕ್ಕೆ ಸಾಗಿಸಿದೆ. ಮಧ್ಯಾಹ್ನ ಲೈಟು ಹತ್ತಿಸಿ ನೋಡಿದೆ. ಎರಡೂ ಎದ್ದು ಕತ್ತು ಬೀಸಿ, ಹಾಡು ಹಾಕಿದ ಕೂಡಲೇ ಒಂದರಂತೆ ಇನ್ನೊಂದು ಕುಣಿದವು. ಆರಿಸಿದೆ. ಇನ್ನು ಕೆಡಲು ಏನೂ ಉಳಿದಿರಲಿಲ್ಲ. ಅದೇ ನನಗೆ ಸ್ವಲ್ಪ ಅಂಜಿಕೆ.

ಸಂಜೆ ವರನ ಕಡೆಯವರು ಬಂದು ಕೂತರು. ದೊಡ್ಡಮ್ಮ ಮೊದಲ ಸಾಲಿನಲ್ಲಿ, ಬಲಗಡೆಯ ಲೈಟಿನ ಹತ್ತಿರದ ಕುರ್ಚಿಯಲ್ಲಿ. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ಹರಿವಾಣ ಹಿಡಿದು ಬಂದಳು.

"ತಡಿ ತಮಾ. ಹೊಸ ವಸ್ತು. ಪೂಜೆ ಮಾಡದೆ ಶುರುಮಾಡ್ತ್ಯಾ?"

ನಮ್ಮಲ್ಲಿ ಸೈಕಲ್ಲಿನಿಂದ ಪಂಪ್‌ಸೆಟ್ಟಿನವರೆಗೆ ಯಾವುದೂ ಕುಂಕುಮ, ಹೂವು ಇಲ್ಲದೆ ಮೊದಲ ಕೆಲಸ ಮಾಡಿದ್ದಿಲ್ಲ. ನನಗೂ ಅದು ಸರಿಯೇ ಅನ್ನಿಸಿತು. ನನ್ನ ಸ್ಕೂಟರಿಗೆ ಪ್ರತಿ ವರ್ಷ ಮಾಲೆ ಕಟ್ಟುತ್ತೇನಲ್ಲ. ಅಕ್ಕ ಎರಡಕ್ಕೂ ಕುಂಕುಮ ಇಟ್ಟಳು. ಹರಿವಾಣದಲ್ಲಿ ಒಂದೇ ಅಬ್ಬಲಿಗೆ ಮಾಲೆ ಇತ್ತು, ಕೇಸರಿ ಕನಕಾಂಬರದ್ದು. ಬಲಗಡೆಯದರ ಕೊರಳಿಗೆ ನಾನೇ ಹಾಕಿದೆ. ಕಳಚಿ ಬಿದ್ದರೆ ಅಪಶಕುನವೆಂದು ಯಾರಾದರೂ ಆಡಿಕೊಂಡಾರು ಎಂದು ತೋಳಿಗೆ ಸೇರಿಸಿ ಬಿಗಿಯಾಗಿ ಕಟ್ಟಿದೆ, ಗಂಟಿನ ಮೇಲೆ ಗಂಟು. ಎಳೆದು ನೋಡಿದೆ. ಭದ್ರ.

ಸ್ವಿಚ್ ಹಾಕಿದೆ.

ಎದ್ದ ಕೂಡಲೇ ಅದು ಏನು ಮಾಡುತ್ತದೆಂದು ನನಗೆ ಮಡಗಾಂವಿನಲ್ಲೇ ಗೊತ್ತಿತ್ತು. ಮಧ್ಯಾಹ್ನವೂ ನೋಡಿದ್ದೆ. ಗಿರ್ರನೆ ತಲೆ ತಿರುಗಿಸಿತು, ಮೇಲೆತ್ತಿತು, ಬೀಸಿತು. ಅಬ್ಬಲಿಗೆ ಹೂಗಳು ದಾರದಿಂದ ಕಿತ್ತುಬಂದು ಕೇಸರಿ ಕಿಡಿಗಳಂತೆ ಚಿಮ್ಮಿ, ಮದುಮಕ್ಕಳ ಮೇಲೆ ಒಂದಿಷ್ಟು, ಉಳಿದದ್ದೆಲ್ಲ ದೊಡ್ಡಮ್ಮನ ತುರುಬು, ಭುಜ, ಮಡಿಲಿಗೆ ಬಿದ್ದವು. ಹಾಡು ಶುರುವಾಯಿತು. ಲೈಟುಗಳೆರಡೂ ಏನೂ ಆಗದವರಂತೆ ಜೊತೆಯಾಗಿ ಕುಣಿಯತೊಡಗಿದವು. ನಾನು ಮಿಕ್ಸರಿನ ಹಿಂದೆ ಬಗ್ಗಿ, ಇಲ್ಲದ ತಂತಿಯೊಂದನ್ನು ಹುಡುಕತೊಡಗಿದೆ.

ದೊಡ್ಡಮ್ಮ ಮಡಿಲಿನ ಹೂ ಎತ್ತಿ ನೋಡಿದರು. ಆಮೇಲೆ ಅಕ್ಕನತ್ತ ತಿರುಗಿದರು.

"ಕತ್ತು ತಿರುಗಿಸೂದು ಅಂತ ಮಾತ್ರ ಹೇಳಿದ್ರಿ. ಹೂವನ್ನೂ ಹಾಕ್ತದೆ ಅಂತ ಹೇಳಲೇ ಇಲ್ವಲ್ಲ! ಗೋವಾದಲ್ಲೂ ಇದಿಲ್ಲ ಕಾಣಿ."

"ಎಲ್ಲಾ ಮೊದಲೇ ಹೇಳ್ಬಾರ್ದು ಅಂತ," ಎಂದಳು ಅಕ್ಕ, ಆಗಲೂ ರೆಪ್ಪೆ ಬಡಿಯದೆ. "ನನ್ನ ತಮ್ಮನ ಕೆಲಸ."

ದೊಡ್ಡಮ್ಮ ಆ ಹೂಗಳನ್ನು ಒಂದೊಂದಾಗಿ ಆರಿಸಿ, ಎದ್ದು ಮಂಟಪಕ್ಕೆ ಹೋಗಿ ಹೊಸ ಸೊಸೆಯ ಮುಡಿಗೆ ಸಿಕ್ಕಿಸಿದರು.

ಊಟದ ಹೊತ್ತಿಗೆ ಲೈಟು ಆರಿಸಿ ಹತ್ತಿರ ಹೋಗಿ ನೋಡಿದೆ. ಕೊರಳಲ್ಲಿ ಬರಿಯ ದಾರ ಉಳಿದಿತ್ತು, ಒಂದೂ ಹೂವಿಲ್ಲ. ಗಂಟು ಮಾತ್ರ ನಾನು ಹಾಕಿದಲ್ಲೇ, ಹಾಕಿದಷ್ಟೇ ಬಿಗಿಯಾಗಿ ಇತ್ತು.