ಉಳಿದ ಅರ್ಧ ಇಂಜೆಕ್ಷನ್

ಕೊಪ್ಪಳದಲ್ಲಿ ಚಟ ಬಿಡಿಸುವ ಕೇಂದ್ರಕ್ಕೆ ಹೋದ ಮೊದಲ ಗುರುವಾರ, ಬಾಗಿಲಲ್ಲಿದ್ದ ಆಯಾ ನನ್ನನ್ನು ನೋಡಿದವಳೇ, "ಹೆಣ್ಮಕ್ಕಳು ಆ ಕಡಿ ಕುಂದ್ರಬೇಕ್ರಿ" ಎಂದು ಜಮಖಾನ ತೋರಿಸಿದಳು. ಕುರ್ಚಿಗಳಲ್ಲಿ ಗಂಡಸರು, ಜಮಖಾನದ ಮೇಲೆ ಅವರ ಹೆಂಡಂದಿರು. ಅಲ್ಲಿ ಚಟ ಅಂದರೆ ಗಂಡಸರದು, ಅಳು ಅಂದರೆ ಹೆಂಗಸರದು. ಎರಡೂ ನನ್ನದೇ ಆಗಿದ್ದರೆ ಎಲ್ಲಿ ಕೂರಬೇಕು ಎಂದು ಕೇಳುವ ಧೈರ್ಯವಾಗದೆ ಜಮಖಾನದ ಮೇಲೆಯೇ ಕೂತೆ.

ಪಕ್ಕದಲ್ಲಿದ್ದವಳು ನವಲಿ ಊರಿನಾಕೆ, ಗದ್ದೆ ಕೆಲಸದವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. "ನಿಮ್ಮ ಮನಿಯವರು ಯಾವ ಕುರ್ಚಿ ಮ್ಯಾಲ ಅದಾರ ತಂಗಿ?" ಎಂದು ಕೇಳಿದಳು. "ಇವತ್ತು ಬಂದಿಲ್ಲಕ್ಕಾ" ಎಂದುಬಿಟ್ಟೆ. ನನ್ನ ಗಂಡ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಮೂರು ಗುರುವಾರ ಆ ಬಡಪಾಯಿಯನ್ನು ಕುಡುಕನನ್ನಾಗಿ ಮಾಡಿ, ಆಕೆ ತಂದ ರೊಟ್ಟಿ, ಪುಂಡಿಪಲ್ಲೆ ತಿಂದೆ.

ನಾನು ನರ್ಸ್. ಗಂಗಾವತಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಆದವರ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದವಳು. ಏನನ್ನು ಕಂಡರೂ ಕೆದಕುವ ಬುದ್ಧಿ ನನ್ನದು. ನೋವಿನ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ರೋಗಿಯ ಗಂಟಿಕ್ಕಿದ ಮುಖ ಸಡಿಲಾಗುವುದನ್ನು ನೋಡಿ, ಒಳಗೆ ಏನಾಗುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಎರಡು ಡ್ಯೂಟಿ ಒಟ್ಟಿಗೆ ಮಾಡಿ ಸೊಂಟ ಬಿದ್ದುಹೋದ ಒಂದು ದಿನ, ರೋಗಿಗೆ ಕೊಟ್ಟು ಉಳಿದ ಅರ್ಧವನ್ನು ಚೆಲ್ಲುವ ಬದಲು ನನ್ನ ತೊಡೆಗೆ ಚುಚ್ಚಿಕೊಂಡು ನೋಡಿದೆ. ನೋಡಿದ್ದು ಸಾಲದೆ ಮತ್ತೆ ಮತ್ತೆ ನೋಡಿದೆ.

ಎರಡು ವರ್ಷದ ಮೇಲೆ ಸಿಕ್ಕಿಬಿದ್ದೆ. ಕೆಲಸ ಹೋಯಿತು. ನರ್ಸಿಂಗ್ ಕೌನ್ಸಿಲ್ ನನ್ನ ನೋಂದಣಿಯನ್ನು ಅಮಾನತಿನಲ್ಲಿಟ್ಟಿತು. ಚಿಕಿತ್ಸೆ ಮುಗಿಸಿ, ನಡೆದದ್ದನ್ನೆಲ್ಲ ಬರೆದುಕೊಟ್ಟರೆ ಮತ್ತೆ ವಿಚಾರ ಮಾಡುವುದಾಗಿ ತಿಳಿಸಿತ್ತು. ನೋಂದಣಿ ಇಲ್ಲದೆ ನಾನು ನರ್ಸ್ ಅಲ್ಲ, ಬೇರೆ ಕೆಲಸ ನನಗೆ ಬರುವುದೂ ಇಲ್ಲ. ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. "ಉಳಿದ ಔಷಧಿಯನ್ನಷ್ಟೇ ಬಳಸಿದ್ದೇನೆ, ಯಾವ ರೋಗಿಗೂ ತೊಂದರೆಯಾಗಿಲ್ಲ" ಎಂಬ ಸಾಲನ್ನು ತಿದ್ದಿ ತಿದ್ದಿ ನಾನೇ ನಂಬಿದ್ದೆ.

ನಾಲ್ಕನೇ ಗುರುವಾರ ಸಲಹೆಗಾರರು, "ಸಿಸ್ಟರ್, ಇವತ್ತ ನೀವು ಮಾತಾಡ್ರಿ" ಎಂದರು. ಎದ್ದೆ. ನವಲಿಯಾಕೆ ನನ್ನ ಸೆರಗು ಜಗ್ಗಿದಳು. "ಪೇಷಂಟ್ ಮಂದೀನ ಕರಿಯಾಕ ಹತ್ಯಾರ, ನೀ ಕುಂದ್ರು."

"ನಾನ ಪೇಷಂಟ್ ಅಕ್ಕಾ."

ಎಲ್ಲರೆದುರು ನನ್ನ ಇಂಜೆಕ್ಷನ್ ಚಟದ ಕತೆ ಹೇಳಿದೆ. ಇನ್ನು ಈಕೆ ದೂರ ಸರಿಯುತ್ತಾಳೆ ಅಂದುಕೊಂಡೆ. ಸಭೆ ಮುಗಿದದ್ದೇ ತಡ, ಪಡಸಾಲೆಯಲ್ಲಿ ಇನ್ನಷ್ಟು ಹತ್ತಿರ ಬಂದು ಕೂತಳು. ಕೆದಕುವುದರಲ್ಲಿ ನನಗಿಂತ ಒಂದು ಕೈ ಮೇಲು.

"ನಿನಗ ನೀನ ಚುಚ್ಕೊಂತಿದ್ದಿ? ಕೈ ನಡಗ್ತಿದ್ದಿಲ್ಲೇನ?"

"ಚುಚ್ಕೊಳ್ಳಲಾರದಾಗ ನಡಗ್ತಿತ್ತು."

"ಹೆಂಗ ಅನಿಸ್ತಿತ್ತು?"

"ತಲಿ ಮ್ಯಾಲಿನ ಮೂಟಿ ಯಾರೋ ಇಳಿಸಿದಂಗ."

"ದಿನಾ ಎಲ್ಲಿಂದ ತರ್ತಿದ್ದಿ?"

"ಪೇಷಂಟಿಗೆ ಕೊಟ್ಟು ಅರ್ಧ ಉಳಿತಿತ್ತಲ್ಲಕ್ಕಾ, ಅದನ್ನ."

ಆಕೆ ರೊಟ್ಟಿ ಮುರಿಯುತ್ತ ಯೋಚಿಸಿದಳು. "ಉಳಿಲಾರದ ದಿನ?"

ನನ್ನ ಗಂಡನಾಗಲಿ ಸಲಹೆಗಾರರಾಗಲಿ ಇದನ್ನು ಕೇಳಿರಲಿಲ್ಲ. ಎಲ್ಲವನ್ನೂ ಕೆದಕುವ ನಾನು ಇದೊಂದನ್ನು ಮಾತ್ರ ಕೆದಕಿರಲಿಲ್ಲ. ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ.

"ಪೂರಾ ನಾನ ತಗೊಂಡು, ಪೇಷಂಟಿಗೆ ಬರೇ ಸಲೈನ್ ನೀರು ಕೊಟ್ಟೀನಿ."

"ಯಾರಿಗೆ?"

"ಗರ್ಭಕೋಶ ತೆಗಿಸಿದಾಕಿ ಒಬ್ಬಾಕಿ ನೆನಪದಾಳ. ಉಳಿದವರು ನೆನಪಿಲ್ಲ."

"ಅತ್ಲೇನ?"

"ಹೂಂ. ಭಾಳ."

"ನೀ ಏನಂದಿ?"

"ಇಂಜೆಕ್ಷನ್ ಕೊಟ್ಟೀನಲ್ಲ, ಮತ್ಯಾಕ ಒದರ್ತಿ ಅಂದೆ."

ಆಕೆ ರೊಟ್ಟಿಯ ಡಬ್ಬಿ ಮುಚ್ಚಿದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಬ್ಯಾಗಿನಿಂದ ಪತ್ರ ತೆಗೆದು, ಆ ಸಾಲು ಹೊಡೆದುಹಾಕಿ, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ. ಇದನ್ನು ಓದಿದ ಮೇಲೆ ಕೌನ್ಸಿಲಿನವರು ನೋಂದಣಿ ಮರಳಿ ಕೊಡದೆಯೇ ಹೋಗಬಹುದು ಎಂದು ಗೊತ್ತಿತ್ತು. ಆಕೆಗೆ ಓದಲು ಬಾರದು, ಆದರೂ ಪೆನ್ನು ಹೋದ ಕಡೆಯೆಲ್ಲ ನೋಡುತ್ತಿದ್ದಳು.

"ಆಕಿ ಹೆಸರೂ ಬರಿ."

"ಹೆಸರು ಗೊತ್ತಿಲ್ಲಕ್ಕಾ."

ಬೆಡ್ ನಂಬರ್ ನೆನಪಿತ್ತು. ಅದನ್ನೇ ಬರೆದೆ.