ಮಗ್ಗದ ಕಾಲಿಗೆ ಕಂಬಳಿ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾಲ್ಕನೆಯ ಸಾಲಿಗೆ ನಿಮಗೇ ಗೊತ್ತಾಗಿ, ಈ ಮನುಷ್ಯ ಮೊದಲೇ ಯಾಕೆ ಹೇಳಲಿಲ್ಲ ಎಂದು ನಿಮಗೂ ಸಿಟ್ಟು ಬಂದೀತು. ಕೆಲವರಿಗೆ ಹಿರಿಯರಿಂದ ಹೊಲ ಬರುತ್ತದೆ, ಕೆಲವರಿಗೆ ಮೂಗು ಬರುತ್ತದೆ. ನನಗೆ ಖಾನಾಪುರದ ಆಯಿಯಿಂದ, ಅಂದರೆ ತಂದೆಯ ತಾಯಿಯಿಂದ, ಸಿಟ್ಟು ಬಂತು. ಅದಕ್ಕೆ ಬೇಕಾದ ಶಬ್ದಸಂಪತ್ತೂ ಜೊತೆಯಲ್ಲೇ ಬಂತು. ಆಯಿ ಕನ್ನಡದಲ್ಲಿ ಬೈಯಲು ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದಳು. ಒಂದು ಭಾಷೆ ದಣಿದರೆ ಇನ್ನೊಂದು ಹೆಗಲು ಕೊಡುತ್ತಿತ್ತು. "ಸಿಟ್ಟ ಬಂದ್ರ ಹೊರಗ ಹಾಕಬೇಕೋ ತಮ್ಮಾ, ಒಳಗಿಟ್ಟಿ ಅಂದ್ರ ಹುಳಾ ಬೀಳ್ತಾವು" ಎನ್ನುವುದು ಆಕೆಯ ಆರೋಗ್ಯಶಾಸ್ತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಸಿಟ್ಟಿಗೆ ಕಾರಣವಾಗಿದ್ದು ಒಂದು ಗೋಡೆ. ಆಗ ಬೆಳಗಾವಿಯ ಖಾಸಬಾಗದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಮೇಲೆ ಮಾಲೀಕರು, ಕೆಳಗೆ ನಾನು. ಗೋಡೆಯ ಆಚೆ ಗಂಗಕ್ಕ, ಆಕೆಯ ಗಂಡ ಬಸಪ್ಪ ಮತ್ತು ಎರಡು ವಿದ್ಯುತ್ ಮಗ್ಗ. ಬೆಳಿಗ್ಗೆ ಗುಂಡಿ ಒತ್ತಿದರೆಂದರೆ ನಮ್ಮ ತಂಬಿಗೆಯ ನೀರಿನಲ್ಲಿ ಉಂಗುರ ಏಳುತ್ತಿದ್ದವು. ಸ್ಟೀಲಿನ ತಾಟುಗಳು ಮಾಡದಲ್ಲಿ ನಿಂತಲ್ಲೇ ಹಲ್ಲು ಕಡಿಯುತ್ತಿದ್ದವು. ನನ್ನ ಕನ್ನಡಕ ಕಪಾಟಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಅಂಚಿಗೆ ಬಂದು ಆತ್ಮಹತ್ಯೆ ಮಾಡಿಕೊಂಡದ್ದು ಎರಡು ಸಲ. ನಾನು ತಾಂತ್ರಿಕ ಶಾಲೆಯೊಂದರಲ್ಲಿ ಮಾಸ್ತರ. ಕಲಿಸುತ್ತಿದ್ದ ವಿಷಯ ಯಾವುದು ಗೊತ್ತೇ? ಯಂತ್ರಗಳ ಕಂಪನ ಮತ್ತು ಅದನ್ನು ತಗ್ಗಿಸುವ ಉಪಾಯಗಳು. ವೈದ್ಯನ ಮನೆಯಲ್ಲಿಯೇ ಕಜ್ಜಿ.

ಒಂದು ದಿನ ಮಾಲೀಕರು ಮಗ್ಗದ ಮೇಲೆ ಪಾಲಿಕೆಗೆ ಕೊಡುವ ದೂರಿನ ಅರ್ಜಿ ಹಿಡಿದು ಇಳಿದು ಬಂದರು. "ಮಾಸ್ತರ, ನೀವು ಕಲತವರು. ನಿಮ್ಮದೊಂದ ಸಹಿ ಬಿದ್ರ ಇದಕ್ಕ ತೂಕಾ ಬರ್ತೈತಿ" ಅಂದರು. ಅವತ್ತು ಮುಂಜಾನೆಯೇ ಕನ್ನಡಕ ಬಿದ್ದಿತ್ತು. ಒಡೆದ ಗಾಜಿನಲ್ಲಿ ನೋಡಿಕೊಂಡು ಸಹಿ ಹಾಕಿದೆ. ಸಾಲದೆಂದು ಸಹಿಯ ಮೇಲೆ ಒಂದು ಸಾಲು ನಾನೇ ಸೇರಿಸಿದೆ: "ಈ ಕಂಪನವು ಮನುಷ್ಯಮಾತ್ರದವರಿಗೆ ಸಹಿಸಲಸಾಧ್ಯ; ಮಗ್ಗ ತೆಗೆಸುವುದರ ಹೊರತು ಬೇರೆ ಉಪಾಯವಿಲ್ಲ." ಹೆಸರಿನ ಮುಂದೆ ಪದವಿಯನ್ನೂ ಬರೆದೆ. ಸಿಟ್ಟಿನಲ್ಲಿ ಬರೆದ ಕನ್ನಡ ಎಷ್ಟು ಚೆಂದ ಇರುತ್ತದೆ ನೋಡಿ, ಒಂದು ಕಾಗುಣಿತ ತಪ್ಪೂ ಇರಲಿಲ್ಲ.

ತಿಂಗಳು ಕಳೆಯಿತು. ಗಂಗಕ್ಕ ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಕೂದಲಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು.

"ಬರ್ರಿ ಗಂಗಕ್ಕ, ಕುಂದರ್ರಿ."

"ಕುಂದ್ರಾಕ ಬಂದಿಲ್ರಿ ಮಾಸ್ತರ. ಇದನ್ನ ಓದಿ ಹೇಳ್ರಿ. ಇವರೂ ಓದಿದ್ರು, ಖರೇ ಏನೂ ತಿಳೀಲಿಲ್ಲ. ಕಚೇರಿ ಕನ್ನಡ ಐತಿ."

ಓದಿದೆ. ಹದಿನೈದು ದಿನದೊಳಗೆ ಮಗ್ಗ ತೆಗೆಯಬೇಕು, ಇಲ್ಲವೇ ಕಂಪನ ನಿಲ್ಲಿಸಿ ತೋರಿಸಬೇಕು ಎಂದು ಇತ್ತು. ಬಿಡಿಸಿ ಹೇಳಿದೆ.

"ತಗದು ಎಲ್ಲಿ ಇಡೂಣ್ರಿ? ತೆಲಿ ಮ್ಯಾಲ?" ಅಂದಳು. ಆ ಮನೆಯ ರೊಟ್ಟಿ ಆ ಎರಡು ಮಗ್ಗಗಳಿಂದಲೇ ಬರುತ್ತಿತ್ತು. ಬೇರೆ ಜಾಗ, ಬೇರೆ ಕಸಬು ಎರಡೂ ಅವರಿಗಿರಲಿಲ್ಲ. "ಹಿಂದಿನ ಹಾಳ್ಯಾಗ ಇನ್ನೂ ಏನೋ ಬರದೈತಲ್ರಿ, ಅದನ್ನೂ ಓದ್ರಿ."

ಹಿಂದಿನ ಹಾಳೆ ನಮ್ಮ ಅರ್ಜಿಯ ನಕಲು. ನಾನು ಬರೆದ ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ. ಹೆಸರು ಬರುವ ಮೊದಲು ನಿಲ್ಲಿಸಿದೆ.

"ಇದನ್ನ ಬರದಂವಾ ಯಾರ್ರಿ?"

"ನಾನ."

ಆಕೆ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೂ ಬೈಯಲು ಅನುಕೂಲವಾಗುತ್ತಿತ್ತು. ಆದರೆ ಆಕೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಕೇಳಿದಳು: "ಬೇರೆ ಉಪಾಯ ಇಲ್ಲಂತ ಬರದೀರಿ. ಖರೇನ ಇಲ್ಲೇನ್ರಿ?"

"ಐತಿ."

"ಐತಿ ಅಂತ ಸಾಲ್ಯಾಗ ಹುಡುಗೂರಿಗೆ ಹೇಳ್ತೀರಿ, ಇಲ್ಲಿ ಇಲ್ಲಂತ ಬರೀತೀರಿ. ನಿಮ್ಮ ಶಾಣೇತನ ನಮಗ ತಿಳೀವಲ್ದ್ರಿ" ಎಂದು ಹೋದಳು.

ಅಂದು ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಆಯಿಯ ಎರಡೂ ಭಾಷೆ ಸಾಲಲಿಲ್ಲ.

ನನ್ನ ಶಾಸ್ತ್ರದ ಬಗ್ಗೆ ಎರಡು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಅಲುಗುವ ಯಂತ್ರವನ್ನು ಅಲುಗದಂತೆ ಮಾಡಲು ಎರಡು ದಾರಿ. ಒಂದು, ಇನ್ನೊಂದು ಯಂತ್ರ ತಂದು ಮೊದಲನೆಯದಕ್ಕೆ ವಿರುದ್ಧವಾಗಿ ಅಲುಗಾಡಿಸುವುದು. ಇದು ನಮ್ಮ ಮನೆಗಳಲ್ಲಿ ಅತ್ತೆ-ಸೊಸೆ ಪಾಲಿಸುವ ವಿಧಾನ. ಇನ್ನೊಂದು, ಕರೆಂಟಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಸುಮ್ಮನೆ ನಡುವೆ ಬಿದ್ದುಕೊಂಡು ಹೊಡೆತ ತಿನ್ನುವ ವಸ್ತು ಇಡುವುದು: ರಬ್ಬರು, ಸ್ಪ್ರಿಂಗು, ಮರಳು, ಬೆಂಡು. ಈ ಎರಡನೆಯದಕ್ಕೆ ನಮ್ಮ ಪಠ್ಯದಲ್ಲಿ ಯಾರೋ 'ನಿಷ್ಕ್ರಿಯ ನಿಯಂತ್ರಣ' ಎಂದು ಹೆಸರಿಟ್ಟಿದ್ದರು. ಆ ಶಬ್ದ ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ದಿನವಿಡೀ ಒದೆ ತಿಂದು, ಆ ಒದೆಯನ್ನು ತನ್ನೊಳಗೇ ಅರಗಿಸಿಕೊಂಡು, ಪಕ್ಕದ ಮನೆಗೆ ಸುದ್ದಿ ಹೋಗದಂತೆ ನೋಡಿಕೊಳ್ಳುವ ವಸ್ತು ನಿಷ್ಕ್ರಿಯವೇ? ಹಾಗಾದರೆ ಸಕ್ರಿಯ ಯಾರು, ಸಹಿ ಹಾಕಿದ ನಾನೇ?

ಹೀಗೆ ಹೆಸರಿಡುವವರು ಬಡಿತ ತಿಂದವರಲ್ಲ. 'ತುಂಬಿದ ಕೊಡ ತುಳುಕುವುದಿಲ್ಲ' ಎಂದು ಗಾದೆ ಕಟ್ಟಿದವನೂ ಕೊಡ ಹೊತ್ತವನಲ್ಲ. ತುಂಬಿದ ಕೊಡ ಹೆಜ್ಜೆಗೊಮ್ಮೆ ತುಳುಕುತ್ತದೆ, ಹೊತ್ತವರನ್ನು ಕೇಳಿ. ಖಾನಾಪುರದಲ್ಲಿ ಹೊಳೆಯಿಂದ ನೀರು ತರುವಾಗ ಆಯಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ನೀರಿನ ಮೇಲೆ ಎರಡು ಅಗಲದ ಎಲೆ ತೇಲಿಬಿಡುತ್ತಿದ್ದಳು. ನಡಿಗೆಯ ಕುಲುಕು ಸಿಂಬಿಗೆ ಹೋಯಿತು, ನೀರಿನ ಅಲೆ ಎಲೆಗೆ ಹೋಯಿತು, ಆಯಿಯ ಸೀರೆ ಒಣಗಿಯೇ ಉಳಿಯಿತು. ಇಡೀ ಶಾಸ್ತ್ರ ಇಷ್ಟೇ. ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿದಿತ್ತು; ಗಂಗಕ್ಕನ ಮುಂದೆ ಹೇಳಲು ಮಾತ್ರ ನೋಟೀಸು ಬರಬೇಕಾಯಿತು.

ಮರುದಿನ ಅವರ ಮನೆಗೆ ಹೋದೆ. ಬಸಪ್ಪ ಮುಖ ತಿರುಗಿಸಿಕೊಂಡೇ ಬಾಗಿಲು ತೆರೆದ. ನಾನು ಲಾರಿಯ ಹಳೆಯ ಟ್ಯೂಬು ಕತ್ತರಿಸಿ ಒಂದರ ಮೇಲೊಂದು ಪೇರಿಸಿ, ಒಂದು ಮಗ್ಗದ ನಾಲ್ಕೂ ಕಾಲಿನಡಿ ಮೆತ್ತನೆಯ ಗಾದಿ ಮಾಡಿದೆ. ಬಸಪ್ಪ ಗುಂಡಿ ಒತ್ತಿದ. ಮಗ್ಗ ಮೊದಲು ತೂಗಿತು, ಆಮೇಲೆ ಬಳುಕಿತು, ಆಮೇಲೆ ನಾಚಿಕೆ ಬಿಟ್ಟಿತು. ನೂಲು ಹೊತ್ತು ಓಡುವ ಲಾಳಿ ತನ್ನ ದಾರಿ ತಪ್ಪಿ, ಬಾಗಿಲಿನಿಂದ ಹಾರಿ ಹಿತ್ತಲಲ್ಲಿದ್ದ ಬಕೆಟ್ಟಿಗೆ ಬಡಿಯಿತು.

"ಮಾಸ್ತರ," ಬಸಪ್ಪ ಮೊದಲ ಸಲ ಬಾಯಿ ಬಿಟ್ಟ, "ನೋಟೀಸ್ನ್ಯಾಗ ಮಗ್ಗಾ ತಗೀರಿ ಅಂತ ಇತ್ತು. ಕುಣಸ್ರಿ ಅಂತ ಇರಲಿಲ್ರಿ."

ತಪ್ಪು ನನ್ನದೇ. ಬರೀ ಮೆತ್ತಗಿದ್ದರೆ ಸಾಲದು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಒಂದು ಬೆರಳಿನಿಂದ ನೂಕಿದರೂ ಅದು ಏರುತ್ತಲೇ ಹೋಗುತ್ತದೆ; ನನ್ನ ಗಾದಿಯ ತೂಗಾಟದ ಲಯ, ಮಗ್ಗದ ಬಡಿತದ ಲಯ ಎರಡೂ ಕೂಡಿಬಿಟ್ಟಿದ್ದವು. ಹೊಡೆತಕ್ಕೆ ಬಾಗುವ ಗುಣದ ಜೊತೆಗೆ ಅದನ್ನು ತಿಕ್ಕಿ ತಿಕ್ಕಿ ಸವೆಸುವ ಒರಟುತನವೂ ಬೇಕು. ಯಾರು ಬಂದರೂ ಹೂಂ ಎನ್ನುವ ಮೆತ್ತನೆಯ ಜನರಿಂದ ಜಗಳ ಹೇಗೆ ಹೆಚ್ಚಾಗುತ್ತದೆಂದು ನೀವೂ ಕಂಡಿರಬಹುದು.

ಉಳಿದದ್ದು ಒಂಬತ್ತು ದಿನ. ಭಾನುವಾರ ಖಾನಾಪುರಕ್ಕೆ ಹೋದೆ, ಸಿಟ್ಟು ಹೊರಗೆ ಹಾಕಲು. ಆಯಿ ಕುರುಬರ ಹಳೆಯ ಕಂಬಳಿ ಮಡಚಿ ಹಾಸಿ, ಚಹಾದ ಕಪ್ಪು-ಬಸಿ ತಂದು ಪಕ್ಕಕ್ಕೆ ಅದರ ಮೇಲೆಯೇ ಇಟ್ಟಳು. ಮಾಲೀಕರನ್ನು, ಕಚೇರಿ ಕನ್ನಡವನ್ನು, ನನ್ನನ್ನು, ಹೀಗೆ ಒಬ್ಬೊಬ್ಬರನ್ನೇ ಬೈಯುತ್ತ ನಾನು ಮುಷ್ಟಿಯಿಂದ ಕೂತಲ್ಲೇ ಗುದ್ದುತ್ತಿದ್ದೆ.

"ಕಂಬಳಿ ಯಾಕ ಬಡೀತಿ ತಮ್ಮಾ? ಅದೇನ ಮಾಡೈತಿ ನಿನಗ?"

ನೋಡಿದೆ. ಅಷ್ಟು ಗುದ್ದಿದರೂ ಕಪ್ಪು ಬಸಿಯ ಮೇಲೆ ಕಿಣಿ ಎಂದಿರಲಿಲ್ಲ. ಒರಟು ಉಣ್ಣೆ, ಎಳೆ ಎಳೆಗೆ ತಿಕ್ಕಿ ನನ್ನ ಸಿಟ್ಟನ್ನು ಅಲ್ಲಲ್ಲೇ ನುಂಗುತ್ತಿತ್ತು. ಸಂತೆಗೆ ಓಡಿ ಎರಡು ಕಂಬಳಿ ಕೊಂಡೆ. ಅಂಗಡಿಯವನು ಮೃದುವಾದದ್ದು ತೋರಿಸಿದ. ಇದಕ್ಕಿಂತ ಚುಚ್ಚುವುದು ಇದ್ದರೆ ಕೊಡು ಎಂದೆ. ಗಂಡ-ಹೆಂಡಿರ ಜಗಳವಿರಬೇಕೆಂದು ಅವನು ಹೆಚ್ಚು ಕೇಳಲಿಲ್ಲ.

ಕಂಬಳಿಯನ್ನು ತುಂಡು ಮಾಡಿ ಎಂಟು ಪದರ ಮಡಚಿ, ಮೇಲೊಂದು ಹಲಗೆ ಇಟ್ಟು, ಎರಡೂ ಮಗ್ಗಗಳ ಕಾಲಿನಡಿ ಬಿಗಿಯಾಗಿ ಕೂರಿಸಿದೆವು. ಅವರ ಮನೆಯ ಹಾಸುಗಲ್ಲು ಗೋಡೆಗೆ ತಾಕಿಕೊಂಡಿತ್ತು. ಬಡಿತ ನಮ್ಮನೆಗೆ ಬರುತ್ತಿದ್ದ ರಾಜಮಾರ್ಗ ಅದೇ. ಗಂಗಕ್ಕ ಸೆರಗು ಸಿಕ್ಕಿಸಿ ಉಳಿ ಹಿಡಿದಳು. ಗೋಡೆಯುದ್ದಕ್ಕೂ ಕಲ್ಲು ಕಡಿದು ನಾಲ್ಕು ಬೆರಳು ಸಂದು ಮಾಡಿ, ಅದರಲ್ಲಿ ಭತ್ತದ ಹೊಟ್ಟು ತುಂಬಿದೆವು. ಪ್ರತಿ ಪೆಟ್ಟಿಗೂ ಆಕೆ ನನ್ನ ಮುಖ ನೋಡಿ ಹೊಡೆಯುತ್ತಿದ್ದಳೆಂದು ನನಗೆ ಅನಿಸಿತು. ಅದು ನ್ಯಾಯವೇ ಆಗಿತ್ತು. ಮೇಲಿನಿಂದ ಮಾಲೀಕರು ಬಗ್ಗಿ ನೋಡಿ, "ಮಾಸ್ತರ, ನೀವು ಯಾರ ಬಾಜು ಅದೀರಿ?" ಎಂದು ಕೇಳಿದರು. "ಗೋಡಿ ಬಾಜು" ಅಂದೆ.

ಹದಿನೈದನೆಯ ದಿನ ಪಾಲಿಕೆಯ ಅಧಿಕಾರಿ ಬಂದರು. ನಮ್ಮ ಕಪಾಟಿನ ಮೇಲೆ ಒಂದು ವಾಟಿ ನೀರು ಇಡಿಸಿ, ಆಚೆ ಮಗ್ಗ ನಡೆಸಲು ಹೇಳಿದರು. ನೀರು ಪೂರ್ತಿ ನಿಂತಿತೆಂದು ಸುಳ್ಳು ಹೇಳಲಾರೆ. ಮುದುಕರ ಗಲ್ಲದಂತೆ ಕೊಂಚ ಅದುರಿತು, ಆದರೆ ಉಂಗುರ ಏಳಲಿಲ್ಲ. ಗಂಗಕ್ಕ ನಮ್ಮ ಹೊಸ್ತಿಲಲ್ಲಿ ನಿಂತು ವಾಟಿಯನ್ನೇ ನೋಡುತ್ತಿದ್ದಳು.

"ಸಹಿಸಲಸಾಧ್ಯ, ಬೇರೆ ಉಪಾಯವಿಲ್ಲ ಅಂತ ಬರದವರು ನೀವ ಅಲ್ರಿ?" ಅಧಿಕಾರಿ ಕೇಳಿದರು.

"ಹೌದ್ರಿ."

"ಈಗೇನ್ ಬರೀತೀರಿ?"

ಅವರು ಕೊಟ್ಟ ಕಾಗದದ ಮೇಲೆ 'ನಾನು ಹಿಂದೆ ಬರೆದದ್ದು ತಪ್ಪು' ಎಂದು ಬರೆದು ಸಹಿ ಹಾಕಿದೆ. ಈ ಸಲ ಕಾಗುಣಿತ ಎರಡು ಕಡೆ ತಪ್ಪಿತು. ನೋಟೀಸು ರದ್ದಾಯಿತು. ಮಾಲೀಕರು ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಸದ್ದು ಕಡಿಮೆಯಾದ ಲಾಭದಲ್ಲಿ ಇದನ್ನೂ ಸೇರಿಸಬೇಕು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಒಂದು ಮುಂಜಾನೆ ನಮ್ಮ ತಂಬಿಗೆಯಲ್ಲಿ ಮತ್ತೆ ಉಂಗುರ ಎದ್ದವು. ಹೋಗಿ ನೋಡಿದರೆ, ಇನ್ನು ಯಾರ ಕಾಟವೂ ಇಲ್ಲವೆಂದು ಗಂಗಕ್ಕ ಮತ್ತೆರಡು ಮಗ್ಗ ಹಾಕಿಸಿದ್ದಾಳೆ! ಹೊಸವು ಬರಿಗಾಲಲ್ಲಿ ನೆಲದ ಮೇಲೆ ನಿಂತಿವೆ. ನನ್ನ ನೆತ್ತಿಗೆ ಬೆಂಕಿ ಬಿತ್ತು. ಬಾಗಿಲಲ್ಲಿ ನಿಂತು ಕೂಗಿದೆ. ನಾಲ್ಕು ಮಗ್ಗಗಳ ಗದ್ದಲದ ನಡುವಿನಿಂದ ಆಕೆ ಕಿವಿಗೆ ಕೈ ಹಚ್ಚಿ, "ಕೇಳಸವಲ್ದ್ರಿ!" ಎಂದು ನಕ್ಕಳು.

ಕೇಳಿಸುವುದಿಲ್ಲ ಎಂದಮೇಲೆ ಇನ್ನೇನು ಸಂಕೋಚ? ಆಯಿಯ ಭಂಡಾರ ಪೂರ್ತಿ ತೆರೆದೆ. ಆ ದಡ್ಡತನವನ್ನು, ಆ ಉಪಕಾರಗೇಡಿತನವನ್ನು, ನನ್ನ ಕನ್ನಡಕದ ಭವಿಷ್ಯವನ್ನು ಕುರಿತು ಹತ್ತು ನಿಮಿಷ ಉಪನ್ಯಾಸ ಮಾಡಿದೆ. ಎದೆ ಹಗುರಾಯಿತು. ಹಿತ್ತಲಿಗೆ ಬಂದು ಮುಖ ತೊಳೆಯುತ್ತಿದ್ದಾಗ ಬಸಪ್ಪ ಮೋಟುಗೋಡೆಯ ಆಚೆ ಬಂದು ನಿಂತ.

"ಮಾಸ್ತರ, 'ಹುಳುಕ ಬದನಿಕಾಯಿ' ತನಕಾ ಅಕಿಗೆ ಎಲ್ಲಾ ತಿಳೀತಂತ್ರಿ. ಆಮ್ಯಾಲ ಮರಾಠಿ ಚಾಲೂ ಆತಂತ, ಅದೊಂದೀಟು ತಿಳೀಲಿಲ್ಲಂತ."

ನನ್ನ ಕೈಯ ನೀರು ಕೈಯಲ್ಲೇ ಉಳಿಯಿತು. "ಕೇಳಸವಲ್ದು ಅಂದರಲ್ಲ?"

"ಮಗ್ಗದ ಮುಂದ ಕಿವಿ ಎಲ್ಲಿ ಕೆಲಸಾ ಮಾಡ್ತಾವ್ರಿ? ನಾವು ತುಟಿ ನೋಡಿ ಮಾತು ತಿಳ್ಕೋತೇವಿ. ಇಷ್ಟ ವರ್ಷ ಬಾಜೂಕ ಅದೀರಿ, ಗೊತ್ತಿಲ್ಲೇನು?" ಆಮೇಲೆ ಹೆಂಡತಿ ಕೊಟ್ಟ ಸಂದೇಶವನ್ನು ಒಂದಕ್ಷರ ಬಿಡದೆ ಒಪ್ಪಿಸಿದ: "ಅಕಿ ಇನ್ನೊಂದ ಕೇಳ್ಯಾಳ್ರಿ. ಮಾಸ್ತರು ಇಷ್ಟೊತ್ತು ಮಾತಾಡಿದ್ರು, ಅದರಾಗ ಕಂಬಳಿ ಅನ್ನೂ ಮಾತ ಒಮ್ಮೇನೂ ಯಾಕ ಬರಲಿಲ್ಲಂತ."

ಮರುದಿನ ಖಾನಾಪುರದ ಬಸ್ಸು ಹತ್ತಿದೆ. ಹೋಗುವಾಗ ಪಕ್ಕದ ಸೀಟಿನಲ್ಲಿ ಸಿಟ್ಟು ಕೂತಿತ್ತು. ಬರುವಾಗ ಆ ಸೀಟಿಗೆ ಎರಡು ಕಂಬಳಿ ಬಂದದ್ದರಿಂದ, ಸಿಟ್ಟು ನಿಂತೇ ಬರಬೇಕಾಯಿತು.