ಹರಳಕ್ಕನ ಪೆನ್ಸಿಲ್ ಗೆರೆ

ಬಂದರಿನವರೆಲ್ಲ ಅವಳನ್ನು ಹರಳಕ್ಕ ಎಂದೇ ಕರೆಯುತ್ತಿದ್ದರು. ಉಂಗುರದ ಹರಳಲ್ಲ ಮತ್ತೆ, ವೈರ್‌ಲೆಸ್ ಸೆಟ್ಟಿನೊಳಗಿನ ಸ್ಫಟಿಕದ ಬಿಲ್ಲೆ. ಕರೆಂಟು ಹಾಯಿಸಿದರೆ ಆ ಬಿಲ್ಲೆ ತನ್ನ ದಪ್ಪಕ್ಕೆ ತಕ್ಕ ಒಂದೇ ವೇಗದಲ್ಲಿ ನಡುಗುತ್ತದೆ; ತೆಳುವಾದಷ್ಟೂ ನಡುಕ ಚುರುಕು. ಸೆಟ್ಟು ಆ ನಡುಕವನ್ನು ಹಿಡಿದೇ ಮಾತು ಕಳಿಸುತ್ತದೆ. ವೇಗ ತುಸು ತಪ್ಪಿದರೂ ದೋಣಿಯವರಿಗೆ ಏನೂ ಕೇಳಿಸದು. ಗಾಜಿನ ಮೇಲೆ ನುಣ್ಣನೆ ಪುಡಿ, ನೀರು ಹಾಕಿ ಬಿಲ್ಲೆಯನ್ನು ಉಜ್ಜಿ ಹದಕ್ಕೆ ತರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೆರಳಿನ ಜಿಡ್ಡು ತಾಗಿಸಿದವರ ಗ್ರಹಚಾರ ಬಿಡಿಸುತ್ತಿದ್ದಳು. ದೋಣಿ ನಡೆಸುವ ಗಂಡ ಮಾತ್ರ, "ಕಲ್ಲು ಉಜ್ಜೋದೂ ಒಂದು ಕೆಲಸವೇನೇ?" ಎಂದು ಕಾಲೆಳೆಯುತ್ತಿದ್ದ.

ಆ ಮಧ್ಯಾಹ್ನ ಬಿರುಗಾಳಿಯ ಸುದ್ದಿ ಬರುವುದಕ್ಕೂ ಬಂದರಿನ ಸೆಟ್ಟಿನ ಹರಳು ಬಿರುಕು ಬಿಡುವುದಕ್ಕೂ ಸರಿಹೋಯಿತು. ಗಂಡನದೂ ಸೇರಿ ಹನ್ನೊಂದು ದೋಣಿ ಕಡಲಲ್ಲಿ. ಕೈಯಲ್ಲಿದ್ದದ್ದು ಒಂದೇ ಬಿಲ್ಲೆ, ಅದೂ ತುಸು ದಪ್ಪ.

ಉಜ್ಜಿದಳು, ತೊಳೆದಳು, ನಡುಕದ ವೇಗ ಅಳೆಯುವ ಮೀಟರಿಗೆ ಇಟ್ಟಳು. ಇನ್ನೂ ನಿಧಾನ. ಮತ್ತೆ ಉಜ್ಜಿ ತೊಳೆದು ಇಟ್ಟರೆ ಮುಳ್ಳು ಗುರುತು ದಾಟಿಬಿಟ್ಟಿತ್ತು! ಆಗ ಹೊಳೆಯಿತು: ಅವಸರದಲ್ಲಿ ಮೊದಲ ಸಲ ಸರಿಯಾಗಿ ತೊಳೆದಿರಲಿಲ್ಲ. ಅಂಟಿಕೊಂಡಿದ್ದ ಪುಡಿಯ ಭಾರಕ್ಕೇ ಹರಳು ನಿಧಾನವಾಗಿತ್ತು; ಅದು ತಿಳಿಯದೆ ಉಜ್ಜಿ ಬಿಲ್ಲೆಯನ್ನು ಬೇಕಾದ್ದಕ್ಕಿಂತ ತೆಳುವಾಗಿಸಿದ್ದಳು. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ಮಾಡುವ ತಪ್ಪೇ ಇದು?

"ಹೋಯ್ತಲ್ಲ ಅಕ್ಕಾ! ಉಜ್ಜಿದ್ದನ್ನ ಮತ್ತೆ ಅಂಟಿಸೋಕಾಗತ್ತಾ?" ಪಕ್ಕದಲ್ಲೇ ಕಾಯುತ್ತಿದ್ದ ವೈರ್‌ಲೆಸ್ ಆಪರೇಟರ್ ತಲೆಯ ಮೇಲೆ ಕೈಹೊತ್ತ.

"ಬಾಯಿ ಮುಚ್ಕೊಂಡು ಒಂದು ಪೆನ್ಸಿಲ್ ಕೊಡು."

ಪುಡಿಯ ಭಾರಕ್ಕೆ ನಿಧಾನವಾಗುವ ಹರಳು ಪೆನ್ಸಿಲ್ ಸೀಸದ ಭಾರಕ್ಕೆ ಆಗದೇ? ಚಿಮುಟದಲ್ಲಿ ಹಿಡಿದು ಬಿಲ್ಲೆಯ ನಡುವೆ ಒಂದು ಗೆರೆ ಎಳೆದಳು. ಮುಳ್ಳು ಅಲುಗಿ ಕೆಳಗಿಳಿಯಿತು. ಇನ್ನೊಂದು ಗೆರೆ. ಆಮೇಲೆ ಅರ್ಧ ಗೆರೆ. ಮುಳ್ಳು ಗುರುತಿನ ಮೇಲೇ ನಿಂತಿತು. ತಪ್ಪಿನ ಹೊಟ್ಟೆಯಿಂದಲೇ ಉಪಾಯ ತೆಗೆದವಳಿಗೆ ಕೈಮುಗಿಯದೆ ಇನ್ನಾರಿಗೆ ಮುಗಿಯೋಣ!

ಹರಳನ್ನು ಸೆಟ್ಟಿಗೆ ಹಾಕಿ ಆಪರೇಟರ್ ಬಿರುಗಾಳಿಯ ಎಚ್ಚರಿಕೆ ಕೂಗಿದ. ಒಂದೊಂದಾಗಿ ಹತ್ತು ದೋಣಿಗಳು ಓಗೊಟ್ಟವು. ಹನ್ನೊಂದನೆಯದಕ್ಕೆ ಅವಳು ಸೆಟ್ಟಿಗೆ ಕಿವಿಯಿಟ್ಟು ಕಾದಳು.

"ಕೇಳಿಸ್ತು, ತಿರುಗಿಸ್ತಾ ಇದ್ದೀನಿ," ಎಂದಿತು ಕೊನೆಗೂ ಗಂಡನ ದನಿ. "ಇಷ್ಟು ಹೊತ್ತು ಯಾಕಪ್ಪಾ ಸದ್ದೇ ಇರಲಿಲ್ಲ?"

"ಹರಳು ಒಡೆದಿತ್ತಣ್ಣಾ. ಅಕ್ಕ ಬೇರೆ ಉಜ್ಜಿ ಕೊಟ್ಟಳು."

ಆ ಕಡೆಯಿಂದ ಗಾಳಿಯ ಸದ್ದಿನ ನಡುವೆ ಗಂಡ ಕೂಗಿದ: "ಹಾಗಾದ್ರೆ ಕಲ್ಲು ಉಜ್ಜೋದೂ ಒಂದು ಕೆಲಸಾನೇ ಅನ್ನು!"

ಆಪರೇಟರ್ ನಗುತ್ತ ಮೈಕನ್ನು ಅವಳ ಕೈಗಿತ್ತ. ಈ ಮಾತಿಗೆಂದೇ ಅವಳು ಮೂವತ್ತು ವರ್ಷದಿಂದ ಒಂದು ಖಾರದ ಉತ್ತರ ಕೂಡಿಟ್ಟಿದ್ದಳು. ಬಾಯಿಗೆ ಬಂದದ್ದು ಇಷ್ಟೇ:

"ಬೇಗ ಬನ್ರೀ."